32 ಮಿಲಿಮೀಟರ್ ಟಯರ್: 3,400 ಕಿಲೋಮೀಟರ್ ಓಡಿಸಿದ ಮೇಲೆ

ಹೋದ ಭಾನುವಾರ 118 ಕಿಲೋಮೀಟರ್ ಸುತ್ತಿ ಮನೆಗೆ ಬಂದೆ. ಸೈಕಲ್ ಗೋಡೆಗೆ ಒರಗಿಸಿ, ಗ್ಲೌಸ್ ಬಿಚ್ಚಿ, ಬಾಗಿಲ ಬೀಗ ತೆಗೆದೆ. ಒಂದೇ ಸಲಕ್ಕೆ ತೆಗೆದೆ. ಆಗ ಹೊಳೆಯಿತು, ಕೈ ಜೋಮು ಹಿಡಿದಿಲ್ಲ! ಹೋದ ವರ್ಷ ಇದೇ ಹೊತ್ತಿನಲ್ಲಿ, ಬೇಸಿಗೆಯ ಕೊನೆಯ ವಾರಗಳಲ್ಲಿ, ಇದೇ ಸುತ್ತು ಮುಗಿಸಿ ಬಂದಾಗ ಕಿರುಬೆರಳು, ಉಂಗುರ ಬೆರಳು ಎರಡೂ ನನ್ನವಲ್ಲ ಅನ್ನೋ ಹಾಗಿದ್ದವು. ಬೀಗದ ಕೈ ಎರಡು ಸಲ ಕೆಳಗೆ ಬಿದ್ದಿತ್ತು. ಸೈಕಲ್ ಅದೇ, ಸೀಟು ಅದೇ, ಹ್ಯಾಂಡಲ್ ಸುತ್ತಿದ ಟೇಪು ಕೂಡ ಅದೇ. ನನಗೆ ಒಂದು ವರ್ಷ ವಯಸ್ಸು ಜಾಸ್ತಿಯಾಗಿದೆ, ಅಷ್ಟೇ. ಬದಲಾಗಿದ್ದು ಟಯರ್ ಒಂದೇ.

ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದರೆ ಮಾತೆಲ್ಲ ಆ ಹೆಸರಿನ ಸುತ್ತಲೇ ತಿರುಗುತ್ತದೆ. ನಾನು ಹೇಳಬೇಕಿರುವುದು ಅಳತೆಯ ಬಗ್ಗೆ. ರೋಡ್ ಬೈಕಿಗೆ ಹಾಕುವ 32 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟಯರ್ ಇದು. ತೀರಾ ದುಬಾರಿಯದ್ದೂ ಅಲ್ಲ, ತೀರಾ ಅಗ್ಗದ್ದೂ ಅಲ್ಲ. ಪಕ್ಕದಲ್ಲಿ 32-622 ಅಂತ ಅಚ್ಚಾಗಿದೆ. 32 ಅಂದರೆ ಅಗಲ, 622 ಅಂದರೆ ರಿಮ್ಮಿನಲ್ಲಿ ಟಯರ್ ಕೂರುವ ಜಾಗದ ವ್ಯಾಸ. ಎಲ್ಲರೂ 700ಸಿ ಅಂತ ಕರೆಯುವುದು ಇದನ್ನೇ. ತಮಾಷೆ ಏನಂದ್ರೆ, ಈ ಚಕ್ರವನ್ನು ಎಲ್ಲಿ ಅಳೆದರೂ 700 ಸಿಗಲ್ಲ.

ಇದಕ್ಕೂ ಮೊದಲು ನನ್ನ ಸೈಕಲ್‌ನಲ್ಲಿದ್ದದ್ದು 25ರ ಟಯರ್. ಅದಕ್ಕೂ ಹಿಂದಿನ ಸೈಕಲ್‌ನಲ್ಲಿ 23. ಗಾಳಿ ಯಾವಾಗಲೂ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮೇಲೇ. ಹೆಬ್ಬೆರಳಿನಲ್ಲಿ ಒತ್ತಿದರೆ ಕಲ್ಲಿನ ಹಾಗಿರಬೇಕು, ಆಗಲೇ ಸಮಾಧಾನ. ಗಟ್ಟಿ ಇದ್ದಷ್ಟೂ ಜೋರು ಅಂತ ನಂಬಿದ್ದೆ. ನಂಬೋಕೆ ಕಾರಣವೂ ಇತ್ತು. ರೇಸ್ ಓಡುವವರೆಲ್ಲ ತುಂಬಾ ವರ್ಷ 23ರ ಟಯರ್‌ನಲ್ಲೇ ಓಡಿದರು. ಅವರು 25ಕ್ಕೆ, ಆಮೇಲೆ 28ಕ್ಕೆ, ಈಗ ಕೆಲವರು 30ಕ್ಕೂ ಬಂದಿದ್ದಾರೆ. ನಾನು ಮಾತ್ರ ಹಳೇ ಪಾಠವನ್ನೇ ಉರು ಹೊಡೆಯುತ್ತಾ ಕೂತಿದ್ದೆ.

ನಿಜ ಹೇಳಬೇಕಂದ್ರೆ ಗಾಳಿ ಟಯರ್ ಹುಟ್ಟಿದ್ದೇ ಕುಲುಕಾಟ ತಪ್ಪಿಸೋಕೆ. ಜಾನ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ತುಂಬಿದ ರಬ್ಬರ್ ಸುತ್ತಿ, 1888ರಲ್ಲಿ ಪೇಟೆಂಟ್ ಮಾಡಿಸಿದ. ಅವನಿಗಿಂತ ನಲವತ್ತಕ್ಕೂ ಹೆಚ್ಚು ವರ್ಷ ಮುಂಚೆ, 1845ರಲ್ಲೇ, ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ಚಕ್ರಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ ಅನ್ನೋದು ಬೇರೆ ಕತೆ. ಅವರು ಮೆತ್ತಗಿರಲಿ ಅಂತ ಗಾಳಿ ತುಂಬಿದರು. ನಾವು ಅದೇ ಗಾಳಿಯನ್ನು ಒತ್ತಿ ಒತ್ತಿ ತುಂಬಿ ಕಲ್ಲು ಮಾಡಿಕೊಂಡೆವು.

ಈಗ ನಾನು ಹಾಕುವ ಗಾಳಿ ಮುಂದೆ 52, ಹಿಂದೆ 55 ಪಿಎಸ್‌ಐ. ನನ್ನ ತೂಕ 74 ಕಿಲೋ, ಸೈಕಲ್ 9. ಈ ಲೆಕ್ಕ ಮೊದಲ ದಿನವೇ ಸಿಕ್ಕಿದ್ದಲ್ಲ. ಶುರುವಿನಲ್ಲಿ ಭಯಕ್ಕೆ 80 ತುಂಬಿದೆ. 25ರ ಟಯರ್‌ಗಿಂತ ಕೆಟ್ಟದಾಗಿ ಕುಲುಕಿತು. ಮೋಸ ಹೋದೆ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಟಯರ್ ದಪ್ಪವಾದಷ್ಟೂ ಅದೇ ಗಾಳಿಗೆ ಅದರ ಮೈ ಜಾಸ್ತಿ ಬಿಗಿಯುತ್ತದೆ. ಅಗಲ ಏರಿಸಿದರೆ ಗಾಳಿ ಇಳಿಸಲೇಬೇಕು. ಇಳಿಸದೇ ಇದ್ದರೆ ಅಗಲ ಮಾಡಿ ಏನೂ ಉಪಯೋಗವಿಲ್ಲ. ಒಂದೊಂದು ವಾರ ಐದೈದು ಇಳಿಸುತ್ತಾ ಬಂದೆ. ಒಮ್ಮೆ 45ಕ್ಕೂ ಇಳಿಸಿದೆ. ತಿರುವಿನಲ್ಲಿ ಹಿಂದಿನ ಚಕ್ರ ನುಲಿದ ಹಾಗಾಯಿತು. ವಾಪಸ್ 55ಕ್ಕೆ ಬಂದು ನಿಂತೆ.

ಜೋರು ಕಡಿಮೆಯಾಯಿತಾ? ಎಲ್ಲರೂ ಕೇಳುವುದು ಇದನ್ನೇ. ಇಲ್ಲ. ಹಳ್ಳಿ ರಸ್ತೆ ಅಂದರೆ ಜಲ್ಲಿ ಎದ್ದ ಡಾಂಬರು, ತೇಪೆ ಮೇಲೆ ತೇಪೆ, ಟ್ರ್ಯಾಕ್ಟರ್ ಹೊಲದಿಂದ ಎಳೆದು ತಂದು ಒಣಗಿಸಿದ ಮಣ್ಣಿನ ಹೆಂಟೆ. ಇದರ ಮೇಲೆ ಗಟ್ಟಿ ಟಯರ್ ಪ್ರತಿ ಕಲ್ಲಿಗೂ ಸೈಕಲ್‌ನ್ನೂ ಸವಾರನನ್ನೂ ಎತ್ತಿ ಎತ್ತಿ ಹಾಕುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ನಡುಗಿಸೋದಕ್ಕೆ ಖರ್ಚಾಗುತ್ತದೆ. ಮೆತ್ತಗಿನ ಟಯರ್ ಆ ಕಲ್ಲನ್ನು ತಾನೇ ನುಂಗಿಕೊಂಡು ಮುಂದೆ ಹೋಗುತ್ತದೆ. ನನ್ನ 118 ಕಿಲೋಮೀಟರ್ ಸುತ್ತಿನ ಸರಾಸರಿ ವೇಗ ಹೋದ ವರ್ಷ ಗಂಟೆಗೆ 25.1 ಕಿಲೋಮೀಟರ್ ಇತ್ತು, ಈ ವರ್ಷ 25.4. ಈ ಸ್ವಲ್ಪ ವ್ಯತ್ಯಾಸ ಟಯರ್‌ದೇ ಅಂತ ನಾನು ಆಣೆ ಮಾಡಲ್ಲ. ಅವತ್ತು ಬೀಸಿದ ಗಾಳಿಯೂ ಇರಬಹುದು. ಆದರೆ ಕೊನೆಯ ಮೂವತ್ತು ಕಿಲೋಮೀಟರ್ ಬೆನ್ನು ಸೆಟೆದುಕೊಳ್ಳದೇ ಬಂದದ್ದು ಗಾಳಿಯ ಕೆಲಸ ಅಲ್ಲ.

ನಯವಾದ ದೊಡ್ಡ ರಸ್ತೆಯಲ್ಲಿ ಗುಂಪಿನ ಜೊತೆ ಗಂಟೆಗೆ 38 ಕಿಲೋಮೀಟರ್ ವೇಗದಲ್ಲಿ ಓಡುವವರಿಗೆ ಇದು ಬೇಕಿಲ್ಲ. ಅಲ್ಲಿ ನನಗೂ ಏನೂ ಲಾಭ ಕಾಣಲಿಲ್ಲ.

ತೂಕದ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮ ಗುಂಪಿನಲ್ಲಿ ಗ್ರಾಂ ಲೆಕ್ಕ ಹಾಕುವವರು ಬಹಳ. ಹಳೇ ಟಯರ್ 225 ಗ್ರಾಂ, ಅದರ ಟ್ಯೂಬ್ 105. ಒಟ್ಟು 330. ಹೊಸ ಟಯರ್ 345, ಒಳಗೆ ಹಾಕುವ ಸೀಲೆಂಟ್ (ತೂತು ಮುಚ್ಚುವ ದ್ರವ) 45ರ ಹತ್ತಿರ. ಒಟ್ಟು 390. ಅಂದರೆ ಎರಡೂ ಚಕ್ರ ಸೇರಿ 120 ಗ್ರಾಂ ಜಾಸ್ತಿ. ಏರು ಹತ್ತೋ ಮುಂಚೆ ಬಾಟಲಿಯಿಂದ ನಾಲ್ಕು ಗುಟುಕು ನೀರು ಚೆಲ್ಲಿದರೆ ಸರಿಹೋಯಿತು.

ಇಲ್ಲಿವರೆಗೆ ಹೊಗಳಿದೆ. ಇನ್ನು ಟ್ಯೂಬ್‌ಲೆಸ್ ಅನ್ನೋ ಅರ್ಧದ ಬಗ್ಗೆ. ಅದರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮೊದಲ ಸಲ ಹಾಕಿಸಿದ್ದು ಒಂದು ಅಂಗಡಿಯಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಚಕ್ರ ಸಪ್ಪೆ. ಗಾಳಿ ತುಂಬಿದೆ, ಮಧ್ಯಾಹ್ನಕ್ಕೆ ಮತ್ತೆ ಸಪ್ಪೆ. ಬಿಚ್ಚಿ ನೋಡಿದೆ. ರಿಮ್ಮಿನ ಒಳಗೆ ಕಡ್ಡಿಗಳ ತೂತು ಮುಚ್ಚೋಕೆ ಒಂದು ಟೇಪು ಸುತ್ತುತ್ತಾರೆ. ಅದು ಒಂದು ಕಡೆ ಕೂದಲೆಳೆಯಷ್ಟು ಎದ್ದಿತ್ತು. ಅಷ್ಟು ಸಾಕು. ಟೇಪು ಕಿತ್ತು, ರಿಮ್ ಒರೆಸಿ, ಬಿಗಿಯಾಗಿ ಎಳೆದು ನಾನೇ ಸುತ್ತಿದೆ. ಟಯರ್ ಅಂಚಿಗೆ ಸೋಪಿನ ನೀರು ಸವರಿದೆ. ಕಾಲಲ್ಲಿ ಅದುಮಿ ಹಿಡಿಯುವ ಪಂಪಿನಲ್ಲಿ ಒಂದೇ ಉಸಿರಿಗೆ ಮೂವತ್ತು ಸಲ ಹೊಡೆದೆ. ಅಂಚು ರಿಮ್ಮಿಗೆ ಕೂರುವಾಗ ಠಪ್ ಅಂತ ಶಬ್ದ ಬರುತ್ತದೆ, ಪಟಾಕಿ ಸಿಡಿದ ಹಾಗೆ. ಒಳಗಿಂದ ನನ್ನ ಹೆಂಡತಿ ಓಡಿ ಬಂದಳು. ನಾನು ನಗುತ್ತಾ ಕೂತಿದ್ದೆ. ಈ ಠಪ್ ಕೇಳಿದಾಗ ಆಗುವ ಖುಷಿ ಮಾತ್ರ ಬೇರೆ ಯಾವ ರಿಪೇರಿಯಲ್ಲೂ ಇಲ್ಲ.

ಆಮೇಲೆ ಎರಡು ತಿಂಗಳು ಸುಖ. ಬೇಸಿಗೆ ಏರಿದ ಹಾಗೆ ರಸ್ತೆ ಬದಿಯ ಗಿಡಗಳೆಲ್ಲ ಒಣಗಿ ಮುಳ್ಳು ಉದುರಿಸುತ್ತವೆ. ಹೋದ ವರ್ಷ ಈ ಕಾಲದಲ್ಲಿ ವಾರಕ್ಕೊಂದು ಪಂಕ್ಚರ್ ಗ್ಯಾರಂಟಿ. ಈ ಸಲ ಒಂದೂ ಇಲ್ಲ. ಟಯರ್ ಒಳಗಿನ ಸೀಲೆಂಟ್ ಹಾಲಿನ ಹಾಗಿರುತ್ತದೆ, ಹೆಚ್ಚಿನವು ರಬ್ಬರ್ ಹಾಲಿನಿಂದ ಮಾಡಿದ್ದೇ. ಮುಳ್ಳು ಚುಚ್ಚಿದ ಕಡೆ ಗಾಳಿ ಹೊರಗೆ ನುಗ್ಗುತ್ತದೆ, ಅದರ ಜೊತೆ ಇದೂ ನುಗ್ಗಿ ಗಡ್ಡೆ ಕಟ್ಟಿ ತೂತು ಮುಚ್ಚುತ್ತದೆ. ನಿಮಗೆ ಗೊತ್ತೇ ಆಗಲ್ಲ. ಮನೆಗೆ ಬಂದು ಟಯರ್ ಒರೆಸುವಾಗ ಒಂದು ಬಿಳಿ ಚುಕ್ಕೆ ಕಾಣುತ್ತದೆ, ಓ ಇಲ್ಲೊಂದು ಆಗಿತ್ತಾ ಅನ್ನಿಸುತ್ತದೆ. ನಾನು ಎಲ್ಲರ ಮುಂದೆ ಜಂಬ ಕೊಚ್ಚಿದೆ. ಮುಖ್ಯವಾಗಿ ಮೇಷ್ಟ್ರ ಮುಂದೆ. ನಮ್ಮ ಗುಂಪಿನ ಹಿರಿಯರು, ನಿವೃತ್ತರಾಗಿ ಆರು ವರ್ಷವಾಯಿತು, ಈಗಲೂ ಟ್ಯೂಬ್ ಬಿಟ್ಟು ಬೇರೆ ಮಾತಿಲ್ಲ.

ಜಂಬದ ಫಲ ಮೂರು ವಾರದ ಹಿಂದೆ ಸಿಕ್ಕಿತು. ಮನೆಯಿಂದ 43 ಕಿಲೋಮೀಟರ್ ದೂರ, ಎರಡೂ ಕಡೆ ಕೊಯ್ಲಾದ ಹೊಲ, ನೆರಳು ಅನ್ನೋದು ಹುಡುಕಿದರೂ ಇಲ್ಲ. ಇಳಿಜಾರಿನಲ್ಲಿ ನಾನು ಮುಂದೆ, ಮೇಷ್ಟ್ರು ನನ್ನ ಹಿಂಚಕ್ರಕ್ಕೆ ಅಂಟಿಕೊಂಡು ಬರುತ್ತಿದ್ದರು. ಟಕ್ ಅಂತ ಏನೋ ತಗುಲಿತು. ಆಮೇಲೆ ಚಕ್ರ ಒಂದು ಸುತ್ತಿಗೊಮ್ಮೆ ಸುಯ್, ಸುಯ್. ನನ್ನ ಬೆನ್ನಿಗೆ ತಣ್ಣಗೆ ಏನೋ ಚಿಮ್ಮಿತು. ನಿಲ್ಲಿಸಿ ತಿರುಗಿ ನೋಡಿದರೆ ಮೇಷ್ಟ್ರ ಕನ್ನಡಕದ ತುಂಬಾ ಬಿಳಿ ಚುಕ್ಕೆ.

‘ನನ್ನ ಕನ್ನಡಕಕ್ಕೆ ಸುಣ್ಣ ಹೊಡಿ ಅಂತ ಯಾರಪ್ಪಾ ಹೇಳಿದ್ದು ನಿನಗೆ?’

ನಾಲ್ಕೈದು ಮಿಲಿಮೀಟರ್ ಉದ್ದದ ಸೀಳು. ಇಷ್ಟು ದೊಡ್ಡದಕ್ಕೆ ಸೀಲೆಂಟ್ ಒಂದೇ ಸಾಲಲ್ಲ, ರಬ್ಬರ್ ಎಳೆ ಸೂಜಿಯಲ್ಲಿ ತುರುಕಬೇಕು. ಎಳೆ ಬ್ಯಾಗಿನಲ್ಲಿತ್ತು. ತುರುಕಿದೆ. ಎಳೆಯ ಸುತ್ತ ಹಾಲು ಬಂದು ಅಂಟಿಸಬೇಕಲ್ಲ, ಬರಲಿಲ್ಲ. ಒಳಗೆ ಇದ್ದ ಸ್ವಲ್ಪವೂ ಮೇಷ್ಟ್ರ ಕನ್ನಡಕದ ಮೇಲಿತ್ತು. ಮೂರು ತಿಂಗಳ ಹಿಂದೆ ಹಾಕಿದ್ದು, ಬಿಸಿಲಿಗೆ ಒಣಗಿಹೋಗಿತ್ತು. ಡಬ್ಬಿಯ ಮೇಲೆ ಎರಡರಿಂದ ಆರು ತಿಂಗಳು ಅಂತ ಬರೆದಿರುತ್ತದೆ. ಬಿಸಿಲಲ್ಲಿ ಅದು ಎರಡು ಅಂತಲೇ ಓದಿಕೊಳ್ಳಬೇಕಿತ್ತು ನಾನು.

ಸರಿ, ಟ್ಯೂಬ್ ಹಾಕೋಣ ಅಂದರೆ ವಾಲ್ವ್ ತೆಗೀಬೇಕು. ವಾಲ್ವಿನ ನಟ್ಟು ಸೀಲೆಂಟ್ ಒಣಗಿ ರಿಮ್ಮಿಗೆ ಅಂಟಿಕೊಂಡಿದೆ. ಬೆರಳಲ್ಲಿ ಅಲುಗಾಡಲ್ಲ. ಮೇಷ್ಟ್ರ ಬ್ಯಾಗಿನಲ್ಲಿ ಪುಟ್ಟ ಇಕ್ಕಳ ಇತ್ತು. ಇಕ್ಕಳ ಕೊಡುವಾಗ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಟ್ಯೂಬ್‌ಲೆಸ್ ಟಯರ್ ಅಂಚು ಬಿಗಿ, ಬಿಚ್ಚೋಕೆ ಎರಡು ಲಿವರ್ ಹಾಕಿ ಜಗ್ಗಿದೆ. ಕೈ ತುಂಬಾ ಅಂಟು. ಹೊಸ ಟ್ಯೂಬ್ ಹಾಕಿ, ಗಾಳಿ ತುಂಬಿ ಹೊರಟೆವು. ಆರು ಕಿಲೋಮೀಟರ್. ಮತ್ತೆ ಸಪ್ಪೆ.

ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಎರಡು ತಿಂಗಳು ಪಂಕ್ಚರ್ ಆಗಿರಲಿಲ್ಲ ಅಂತ ಖುಷಿಪಟ್ಟೆನಲ್ಲ, ಮುಳ್ಳು ಚುಚ್ಚಿರಲಿಲ್ಲ ಅಂತಲ್ಲ. ಚುಚ್ಚಿದ ಮುಳ್ಳೆಲ್ಲ ಹಾಗೇ ಒಳಗೇ ಇದ್ದವು. ಸೀಲೆಂಟ್ ಸುತ್ತ ಗಡ್ಡೆ ಕಟ್ಟಿ ಗಾಳಿ ನಿಲ್ಲಿಸಿತ್ತು, ಮುಳ್ಳನ್ನು ಹೊರಗೆ ಹಾಕಿರಲಿಲ್ಲ. ಟ್ಯೂಬ್ ಇಲ್ಲದಾಗ ಅವು ಯಾರಿಗೂ ತೊಂದರೆ ಕೊಡಲ್ಲ. ಟ್ಯೂಬ್ ಹಾಕಿದ ತಕ್ಷಣ ಎಲ್ಲ ಮುಳ್ಳಿಗೂ ಕೆಲಸ ಸಿಗುತ್ತದೆ. ಎರಡನೇ ಸಲ ಬಿಚ್ಚಿದಾಗ ಮೇಷ್ಟ್ರು ಟಯರ್ ನನ್ನ ಕೈಯಿಂದ ತೆಗೆದುಕೊಂಡು ಒಳಗಿನ ಮೈ ಹೊರಗೆ ಮಾಡಿದರು. ಒಣಗಿದ ರಬ್ಬರ್ ಪೊರೆ ಉಗುರಿನಿಂದ ಎಬ್ಬಿಸಿದರು. ಆಮೇಲೆ ಬೆರಳಲ್ಲ, ಕರ್ಚೀಫ್ ಎಳೆದರು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಒಂದಾದ ಮೇಲೊಂದು ಇಕ್ಕಳದಲ್ಲಿ ಕಿತ್ತು ನನ್ನ ಅಂಗೈಯಲ್ಲಿ ಇಡುತ್ತಾ ಹೋದರು. ಏಳು ಮುಳ್ಳು. ಒಂದು ಸಣ್ಣ ತಂತಿ ಚೂರು. ನನ್ನ ಹತ್ತಿರ ಇದ್ದ ಒಂದೇ ಟ್ಯೂಬಿಗೆ ತೇಪೆ ಹಾಕಿ, ಅವರದ್ದೇ ಪಂಪಿನಲ್ಲಿ ಗಾಳಿ ಹೊಡೆದು, ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆ. ಗಾಳಿ ಡಬ್ಬಿ, ಅದೇ 16 ಗ್ರಾಮಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ನನ್ನ ಹತ್ತಿರ ಒಂದೇ ಇತ್ತು. ಟ್ಯೂಬಿಗೆ ಮೊದಲ ಸಲ ತುಂಬುವಾಗಲೇ ಮುಗಿದಿತ್ತು. ಈಗ ಪುಟ್ಟ ಪಂಪು ಫ್ರೇಮಿಗೇ ಕಟ್ಟಿಕೊಂಡಿದ್ದೇನೆ.

ಆವತ್ತಿನಿಂದ ಒಂದು ಅಭ್ಯಾಸ. ಹೊರಡುವ ಹಿಂದಿನ ರಾತ್ರಿ ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಕುಲುಕಿದ ಸದ್ದು ಬಂದರೆ ಸರಿ. ಬರದಿದ್ದರೆ ವಾಲ್ವಿನ ಒಳಗಿನ ಪಿನ್ನು ತಿರುಗಿಸಿ ತೆಗೆದು, ಸಿರಿಂಜಿನಲ್ಲಿ 40 ಮಿಲಿಲೀಟರ್ ಹಾಕುತ್ತೇನೆ. ಪಿನ್ನು ಕೂಡ ಕಟ್ಟಿಕೊಂಡಿರುತ್ತದೆ, ಒರೆಸಿ ಹಾಕಬೇಕು. ತೊಟ್ಟು ನೆಲಕ್ಕೆ ಬಿದ್ದರೆ ತಕ್ಷಣ ಒರೆಸಿ. ಬಟ್ಟೆಗೆ ಬಿದ್ದರೆ ಆ ಬಟ್ಟೆ ಮರೆತುಬಿಡಿ. ಮೇಷ್ಟ್ರ ಜರ್ಸಿ ಈಗಲೂ ಹಾಗೇ ಇದೆ, ಬೇಕಂತಲೇ ಅದನ್ನೇ ಹಾಕಿಕೊಂಡು ಬರುತ್ತಾರೆ.

ಬಿಸಿಲಿನ ಇನ್ನೊಂದು ಆಟ ಹೇಳಬೇಕು. ಬೆಳಿಗ್ಗೆ ಐದೂವರೆಗೆ 18 ಡಿಗ್ರಿಯಲ್ಲಿ 55 ತುಂಬಿ ಹೊರಟರೆ, ಮಧ್ಯಾಹ್ನ ಟಯರ್ 38 ಡಿಗ್ರಿಗೆ ಏರುವ ಹೊತ್ತಿಗೆ ಅದು 60ರ ಹತ್ತಿರ ಇರುತ್ತದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗೋಕೆ ಜಾಗ ಇಲ್ಲದಿದ್ದರೆ ಒತ್ತುತ್ತದೆ, ಶಾಲೆಯಲ್ಲಿ ಓದಿದ್ದೇ. ಬಿಸಿಲಿಗೆ ಟಯರ್ ಸಿಡಿಯುತ್ತೆ ಅಂತ ಹೆದರುವಷ್ಟೇನೂ ಅಲ್ಲ. ಆದರೆ ಮಧ್ಯಾಹ್ನದ ಮೇಲೆ ಸೈಕಲ್ ಯಾಕೋ ಗಡುಸಾಯಿತಲ್ಲ ಅಂತ ಅನ್ನಿಸಿದರೆ ಅದು ನಿಮ್ಮ ಸುಸ್ತು ಮಾತ್ರ ಅಲ್ಲ.

ಡಾಂಬರು ಕರಗುವ ಕಡೆ ಈ ಟಯರ್ ಚೆನ್ನಾಗಿ ನಿಂತಿತು. ತಿರುವಿನಲ್ಲಿ ಚೆಲ್ಲಿದ ಸಣ್ಣ ಜಲ್ಲಿಯ ಮೇಲೂ ಧೈರ್ಯ ಕೊಟ್ಟಿತು, ಜಾಸ್ತಿ ಧೈರ್ಯ ಅಂತಲೇ ಹೇಳಬೇಕು. ಮಣ್ಣು ದಾರಿಯಲ್ಲಿ ನಾಲ್ಕು ಕಿಲೋಮೀಟರ್ ಅಡ್ಡದಾರಿ ಇದೆ ಅಂದರೆ ಮೊದಲೆಲ್ಲ ಬೇಡ ಅನ್ನುತ್ತಿದ್ದೆ. ಈ ಬೇಸಿಗೆಯಲ್ಲಿ ಅಂಥ ಅಡ್ಡದಾರಿಗಳನ್ನೇ ಹುಡುಕಿಕೊಂಡು ಹೋದೆ. ಒಂದು ಕೆರೆ ಏರಿ, ಒಂದು ಹಳೇ ತೋಪಿನ ನೆರಳು, ಎರಡೂ ಹೀಗೇ ಸಿಕ್ಕಿದ್ದು. ಬಹಳ ದಿನ ಒಣಗಿದ ರಸ್ತೆಗೆ ಮೊದಲ ಮಳೆ ಬಿದ್ದಾಗ ಮಾತ್ರ ಯಾವ ಟಯರನ್ನೂ ನಂಬಬೇಡಿ. ಎಣ್ಣೆ, ಧೂಳು, ನೀರು ಸೇರಿ ಸೋಪು ಆಗಿರುತ್ತದೆ. ಮೈ ನುಣ್ಣಗಿದೆಯಲ್ಲ, ಗೆರೆ ಇಲ್ಲವಲ್ಲ ಅಂತ ಕೆಲವರು ಕೇಳಿದರು. ಕಾರಿನ ಹಾಗೆ ನೀರಿನ ಮೇಲೆ ತೇಲೋಕೆ ಈ ಟಯರ್ ಗಂಟೆಗೆ ನೂರು ಕಿಲೋಮೀಟರ್‌ಗಿಂತ ಜೋರಾಗಿ ಹೋಗಬೇಕು. ನಾನು ಹೋಗಲ್ಲ.

ತಗೊಳ್ಳೋ ಮುಂಚೆ ನಿಮ್ಮ ಫ್ರೇಮಿನಲ್ಲಿ ಜಾಗ ಇದೆಯಾ ನೋಡಿ. ನನ್ನ ರಿಮ್ಮಿನ ಒಳ ಅಗಲ 21 ಮಿಲಿಮೀಟರ್, ಅದರ ಮೇಲೆ ಈ ಟಯರ್ ಉಬ್ಬಿ 32.6 ಬಂತು. ಅಗಲವಾದ ರಿಮ್ಮಾದರೆ ಇನ್ನೂ ಉಬ್ಬುತ್ತದೆ. ಎರಡೂ ಪಕ್ಕ ನಾಲ್ಕು ಮಿಲಿಮೀಟರ್ ಆದರೂ ಖಾಲಿ ಇರಲಿ, ಇಲ್ಲಾಂದ್ರೆ ಒಂದು ಜಲ್ಲಿ ಸಿಕ್ಕಿಕೊಂಡರೆ ಫ್ರೇಮಿನ ಬಣ್ಣ ಹೋಯಿತು. ರಿಮ್ ಹಿಡಿಯುವ ಹಳೇ ಬ್ರೇಕ್ ಇರುವ ರೋಡ್ ಬೈಕಿಗೆ ಸಾಮಾನ್ಯವಾಗಿ 28 ಹಿಡಿಸಿದರೆ ಪುಣ್ಯ.

ನನ್ನ ತೀರ್ಪು ಎರಡು ತುಂಡು. 32ರ ಅಗಲಕ್ಕೆ ಐದಕ್ಕೆ ಐದು. ಟ್ಯೂಬ್‌ಲೆಸ್‌ಗೆ ಐದಕ್ಕೆ ಮೂರು, ಅದೂ ಮುಳ್ಳು ಇರುವ ದಾರಿಯಾದರೆ ಮಾತ್ರ. ವಾರಕ್ಕೆ ಎರಡು ಸಲ ಸೈಕಲ್ ಹೊರಗೆ ತೆಗೆಯುವವರು, ಕೈಗೆ ಅಂಟು ಹತ್ತಿದರೆ ಬೇಜಾರು ಇಲ್ಲದವರು ಹಾಕಿಕೊಳ್ಳಿ. ತಿಂಗಳಿಗೊಮ್ಮೆ ತುಳಿಯುವವರು ಇದೇ ಅಗಲದ ಟಯರ್‌ಗೆ ಸುಮ್ನೆ ಒಂದು ಟ್ಯೂಬ್ ಹಾಕಿ, ಗಾಳಿ ಐದು ಜಾಸ್ತಿ ಇಟ್ಟುಕೊಳ್ಳಿ. ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೂ ಟಯರ್‌ಗೂ ನಡುವೆ ಸಿಕ್ಕಿ ಕಚ್ಚಿಸಿಕೊಳ್ಳದಿರಲಿ ಅಂತ. ಮುಕ್ಕಾಲು ಪಾಲು ಸುಖ ಹೀಗೂ ಸಿಗುತ್ತದೆ. ಮೇಷ್ಟ್ರು ಈಗ ಮಾಡಿರುವುದು ಇದನ್ನೇ. ನನ್ನನ್ನು ಕೇಳಿ ಮಾಡಲಿಲ್ಲ, ಒಂದು ಭಾನುವಾರ ಸುಮ್ಮನೆ ಹಾಕಿಕೊಂಡು ಬಂದಿದ್ದರು.

3,400 ಕಿಲೋಮೀಟರ್‌ಗೆ ನನ್ನ ಹಿಂದಿನ ಟಯರ್ ನಡುವೆ ಚಪ್ಪಟೆಯಾಗಿದೆ. ಸವೆತ ನೋಡೋಕೆ ಅಂತ ಕೊಟ್ಟಿರುವ ಎರಡು ಸಣ್ಣ ಗುಳಿಯಲ್ಲಿ ಒಂದು ಕಾಣೆ, ಇನ್ನೊಂದು ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಮುಂದಿನದ್ದು ಇನ್ನೂ ದುಂಡಗಿದೆ. ಅದನ್ನು ಹಿಂದಕ್ಕೆ ಹಾಕಿ, ಮುಂದಕ್ಕೆ ಹೊಸದು ಹಾಕಬೇಕು. ಹೊಸದು ಬಂದಾಗಿದೆ, ಅದೇ ಅಳತೆ. ಶನಿವಾರ ಸಂಜೆ ಹಳೇ ಪೇಪರ್ ಹಾಸಿಕೊಂಡು ಕೂರುತ್ತೇನೆ. ಮೊದಲು ಕರ್ಚೀಫ್ ಎಳೆದು ಮುಳ್ಳು ಎಣಿಸಬೇಕು. ಐದರ ಮೇಲಿದ್ದರೆ ಮೇಷ್ಟ್ರಿಗೆ ಫೋನ್ ಮಾಡಿ ಹೇಳಬೇಕಂತೆ, ಪಂದ್ಯ ಕಟ್ಟಿದ್ದಾರೆ.